ಡಬ್ಬಿಯ ಮೇಲಿನ 18: ಎಲ್ಲಿ ಕಾನೂನು, ಎಲ್ಲಿ ಬರೀ ಸಲಹೆ

ಗೇಮ್ ಒಂದೇ, ಡಬ್ಬಿಯ ಮೇಲೆ ವಯಸ್ಕರಿಗೆ ಎಂಬ ಗುರುತೂ ಇದೆ. ಜರ್ಮನಿಯ ಅಂಗಡಿಯವನು ಅದನ್ನು ಹದಿನಾರರ ಹುಡುಗನಿಗೆ ಮಾರಿದರೆ ದಂಡ ತೆರಬೇಕು. ಅಮೆರಿಕದ ಅಂಗಡಿಯವನು ಮಾರಿದರೆ ಹೆಚ್ಚೆಂದರೆ ಮ್ಯಾನೇಜರ್ ಕೈಲಿ ಬೈಸಿಕೊಂಡಾನು, ಪೊಲೀಸರಿಗೆ ಅಲ್ಲಿ ಕೆಲಸವಿಲ್ಲ. ದಕ್ಷಿಣ ಕೊರಿಯಾದಲ್ಲಿ ರೇಟಿಂಗ್ ಇಲ್ಲದ ಗೇಮ್ ಮಾರುಕಟ್ಟೆಗೇ ಬರುವಂತಿಲ್ಲ. ಇಷ್ಟು ನೋಡಿಕೊಂಡು ಒಂದು ದೇಶ ಬಿಗಿ, ಇನ್ನೊಂದು ಸಡಿಲ ಎಂದು ತೀರ್ಪು ಕೊಡುವವರು ಬಹಳ. ಆ ಅಳತೆಗೋಲಿನಿಂದ ಏನೂ ತಿಳಿಯುವುದಿಲ್ಲ. ಅಮೆರಿಕ ರಕ್ತ ಹರಿದರೆ ತಲೆಕೆಡಿಸಿಕೊಳ್ಳದೆ, ಬೆತ್ತಲೆ ಕಂಡರೆ ಬಾಗಿಲು ಹಾಕುತ್ತದೆ. ಜರ್ಮನಿಗೆ ಬೆತ್ತಲೆಗಿಂತ ಹಿಂಸೆಯದೇ ಚಿಂತೆ. ಆಸ್ಟ್ರೇಲಿಯಾಕ್ಕೆ ಮಾದಕವಸ್ತು, ಕೊರಿಯಾಕ್ಕೆ ಜೂಜು, ಚೀನಾಕ್ಕೆ ಮಕ್ಕಳು ಕಳೆಯುವ ಸಮಯ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎರಡು: ಆ ಸಮಾಜ ಯಾವುದಕ್ಕೆ ಹೆದರುತ್ತದೆ? ತಪ್ಪಾದಾಗ ಯಾರ ಕೊರಳಪಟ್ಟಿ ಹಿಡಿಯುತ್ತದೆ?

ಅಮೆರಿಕದಿಂದ ಶುರು ಮಾಡೋಣ, ಅಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಗಿ ಇತ್ಯರ್ಥವಾಗಿದೆ. 1993ರ ಕೊನೆಯಲ್ಲಿ ಸೆನೆಟ್ 'ಮಾರ್ಟಲ್ ಕಾಂಬ್ಯಾಟ್', 'ನೈಟ್ ಟ್ರ್ಯಾಪ್' ಗೇಮ್‌ಗಳನ್ನು ಮುಂದಿಟ್ಟುಕೊಂಡು ವಿಚಾರಣೆ ನಡೆಸಿತು. ನೀವೇ ಏನಾದರೂ ಮಾಡಿಕೊಳ್ಳಿ, ಇಲ್ಲವೆಂದರೆ ನಾವು ಮಾಡುತ್ತೇವೆ ಎಂಬುದು ಅದರ ಸಾರ. ಉದ್ಯಮ 1994ರಲ್ಲಿ ಇಎಸ್‌ಆರ್‌ಬಿ ಎಂಬ ರೇಟಿಂಗ್ ಮಂಡಳಿ ಕಟ್ಟಿಕೊಂಡಿತು. ಅದರ 'ಎಂ' ಗುರುತು 17 ಮತ್ತು ಮೇಲ್ಪಟ್ಟವರಿಗೆ, 'ಎಒ' 18 ತುಂಬಿದವರಿಗೆ ಮಾತ್ರ. ಎರಡಕ್ಕೂ ಸರ್ಕಾರದ ಮುದ್ರೆ ಇಲ್ಲ.

ಮುದ್ರೆ ಒತ್ತಲು ಹೊರಟಿದ್ದು ಕ್ಯಾಲಿಫೋರ್ನಿಯಾ. ಕ್ರೂರ ಹಿಂಸೆಯ ಗೇಮನ್ನು 18ರೊಳಗಿನವರಿಗೆ ಮಾರಿದರೆ ಅಥವಾ ಬಾಡಿಗೆಗೆ ಕೊಟ್ಟರೆ 1,000 ಡಾಲರ್‌ವರೆಗೆ ದಂಡ, ಡಬ್ಬಿಯ ಮುಖದ ಮೇಲೆ ಕನಿಷ್ಠ ಎರಡು ಇಂಚು ಚದರದ '18' ಗುರುತು ಎಂದು 2005ರಲ್ಲಿ ಕಾನೂನು ಮಾಡಿತು. ಕೋರ್ಟುಗಳು ತಡೆದದ್ದರಿಂದ ಅದು ಜಾರಿಗೆ ಬರಲೇ ಇಲ್ಲ. 2011ರ ಜೂನ್ 27ರಂದು ಸುಪ್ರೀಂ ಕೋರ್ಟ್ 7-2 ಬಹುಮತದಲ್ಲಿ ಅದನ್ನು ರದ್ದು ಮಾಡಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ. ಪುಸ್ತಕ, ನಾಟಕ, ಸಿನಿಮಾಗಳಂತೆ ಗೇಮ್ ಕೂಡ ಅಭಿವ್ಯಕ್ತಿಯೇ. ಮಕ್ಕಳನ್ನು ಹಿಂಸೆಯ ಚಿತ್ರಣದಿಂದ ದೂರವಿಡುವ ಕಾನೂನು ಪರಂಪರೆ ಈ ದೇಶದಲ್ಲಿ ಇದ್ದೇ ಇಲ್ಲ, ಮಕ್ಕಳಿಗೆ ಓದಿ ಹೇಳುವ ಗ್ರಿಮ್ ಕಥೆಗಳಲ್ಲೇ ಬೇಕಾದಷ್ಟು ರಕ್ತವಿದೆ ಎಂದರು ಅವರು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆಯರ್ ಸರಿಯಾದ ಜಾಗದಲ್ಲೇ ಚುಚ್ಚಿದರು. ಬೆತ್ತಲೆ ಚಿತ್ರದ ಪತ್ರಿಕೆಯನ್ನು ಹದಿಮೂರರ ಹುಡುಗನಿಗೆ ಮಾರದಂತೆ ಸರ್ಕಾರ ತಡೆಯಬಹುದು ಎಂದು 1968ರಿಂದ ಒಪ್ಪಿಕೊಂಡಿದ್ದೇವೆ, ಅದೇ ಹುಡುಗ ಹೆಣ್ಣೊಬ್ಬಳನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಗೇಮ್ ಕೊಳ್ಳುವುದನ್ನು ಮಾತ್ರ ತಡೆಯಬಾರದೇ ಎಂಬುದು ಅವರ ಪ್ರಶ್ನೆ. ತರ್ಕದಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ಇದು ಅಲ್ಲಿನ ಸಂಸ್ಕೃತಿ, ಅಷ್ಟೇ.

ಕಾನೂನಿಲ್ಲ ಎಂದಮೇಲೆ ಅಲ್ಲಿ ಯಾರು ಏನು ಬೇಕಾದರೂ ಕೊಳ್ಳಬಹುದು ಎಂದುಕೊಂಡರೆ ತಪ್ಪು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹದಿಹರೆಯದವರನ್ನು ಒಂಟಿಯಾಗಿ ಅಂಗಡಿಗಳಿಗೆ ಕಳುಹಿಸಿ ಪರೀಕ್ಷೆ ಮಾಡುತ್ತಿತ್ತು. 2000ದಲ್ಲಿ ಶೇ 85ರಷ್ಟು ಮಕ್ಕಳಿಗೆ 'ಎಂ' ಗೇಮ್ ಸಿಕ್ಕಿತ್ತು. 2013ರ ವರದಿಯಲ್ಲಿ ಆ ಪ್ರಮಾಣ ಶೇ 13ಕ್ಕೆ ಇಳಿದಿತ್ತು. ಅದೇ ಸುತ್ತಿನ ಪರೀಕ್ಷೆಯಲ್ಲಿ ವಯಸ್ಕರ ಸಿನಿಮಾ ಟಿಕೆಟ್ ಗಿಟ್ಟಿಸಿಕೊಂಡವರು ಇದಕ್ಕಿಂತ ಹೆಚ್ಚು. ದೊಡ್ಡ ಮಳಿಗೆಗಳ ಬಿಲ್ಲಿಂಗ್ ಯಂತ್ರ ಬಾರ್‌ಕೋಡ್ ಓದಿದ ಕೂಡಲೇ ಗುರುತಿನ ಚೀಟಿ ಕೇಳಲು ನೆನಪಿಸುತ್ತದೆ, ಸರ್ಕಾರ ಒಳಗೆ ಬಾರದಿರಲಿ ಎಂಬ ಭಯವೂ ಉದ್ಯಮಕ್ಕಿದೆ. 'ಎಒ' ಗುರುತಿನದು ಇನ್ನೂ ಖಡಕ್ ಕಥೆ. ಗೇಮ್ ಆಡುವ ಯಂತ್ರಗಳ, ಅಂದರೆ ಕನ್ಸೋಲ್‌ಗಳ, ಕಂಪನಿಗಳು ಅಂಥ ಗೇಮ್‌ಗೆ ಪರವಾನಗಿ ಕೊಡುವುದಿಲ್ಲ, ದೊಡ್ಡ ಅಂಗಡಿಗಳು ಕಪಾಟಿನಲ್ಲಿ ಇಡುವುದಿಲ್ಲ. 2005ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆ್ಯಂಡ್ರಿಯಾಸ್' ಒಳಗೆ ಮರೆಮಾಡಿದ್ದ ಲೈಂಗಿಕ ದೃಶ್ಯ ಬಯಲಾದಾಗ ಇಎಸ್‌ಆರ್‌ಬಿ ಅದನ್ನು 'ಎಂ'ನಿಂದ 'ಎಒ'ಗೆ ಏರಿಸಿತು, ಗೇಮ್ ಅಂಗಡಿಗಳಿಂದ ಮಾಯವಾಯಿತು. ನೂರಾರು ಕೊಲೆ ನಡೆಯುವ ಗೇಮ್‌ಗೆ ಮುಳುವಾದದ್ದು ಮೈಮೇಲೆ ಬಟ್ಟೆಯಿದ್ದ ಒಂದು ಮಂಚದ ದೃಶ್ಯ.

ಜರ್ಮನಿಯಲ್ಲಿ ಹೊಣೆಯ ಸರಪಳಿ ಬೇರೆ ಥರ. 2002ರ ಏಪ್ರಿಲ್‌ನಲ್ಲಿ ಎರ್ಫುರ್ಟ್ ನಗರದ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆಯಿತು. ಆಗಲೇ ತಯಾರಾಗುತ್ತಿದ್ದ ಹೊಸ ಯುವಜನ ರಕ್ಷಣಾ ಕಾನೂನು ಅದರ ಬೆನ್ನಿಗೇ ಬಿರುಸು ಪಡೆದು 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದುವರೆಗೆ ಸಲಹೆಯಷ್ಟೇ ಆಗಿದ್ದ ಯುಎಸ್‌ಕೆ ಎಂಬ ರೇಟಿಂಗ್ ಸಂಸ್ಥೆಯ ಗುರುತಿಗೆ ಕಾನೂನಿನ ಬಲ ಬಂತು. ಕ್ರಮ ಹೀಗಿದೆ: ತಯಾರಕರು ಗೇಮನ್ನು ಯುಎಸ್‌ಕೆಗೆ ಕಳುಹಿಸುತ್ತಾರೆ. ಅಲ್ಲಿನ ಪರೀಕ್ಷಕರು ಅದನ್ನು ಆಡಿ ನೋಡಿ, ಸ್ವತಂತ್ರ ತಜ್ಞರ ಸಮಿತಿಯೆದುರು ಆಡಿ ತೋರಿಸುತ್ತಾರೆ. ಸಮಿತಿ 0, 6, 12, 16, 18ರಲ್ಲಿ ಒಂದನ್ನು ಸೂಚಿಸುತ್ತದೆ. ಕೊನೆಯ ಮಾತು ರಾಜ್ಯಗಳ ಯುವಜನ ಇಲಾಖೆಗಳ ಪ್ರತಿನಿಧಿಯದು. ಆ ಸಹಿ ಬಿದ್ದಮೇಲೆ ಅದು ಸರ್ಕಾರಿ ಆದೇಶ. ಬಿಳಿ, ಹಳದಿ, ಹಸಿರು, ನೀಲಿ, ಕೆಂಪು ಬಣ್ಣದ ಗುರುತು ಡಬ್ಬಿಯ ಮುಂಭಾಗದ ಎಡ ಕೆಳಮೂಲೆಯಲ್ಲಿ ಕನಿಷ್ಠ 1,200 ಚದರ ಮಿಲಿಮೀಟರ್ ಇರಬೇಕು, ಡಿಸ್ಕಿನ ಮೇಲೆ 250. ಮುಖಪುಟದ ಚಿತ್ರ ಕೆಡುತ್ತದೆ ಎಂದು ಸಂಗ್ರಾಹಕರು ಗೊಣಗಿದ್ದೇ ಗೊಣಗಿದ್ದು. ಹಾಗಾಗಿ ಒಳಹಾಳೆಯನ್ನು ತಿರುಗಿಸಿ ಇಟ್ಟರೆ ಗುರುತಿಲ್ಲದ ಮುಖ ಕಾಣುವಂತೆ ಹಲವು ಕಂಪನಿಗಳು ಎರಡೂ ಬದಿ ಮುದ್ರಿಸತೊಡಗಿದವು. ಕಾನೂನಿಗೆ ಬೇಕಾದ್ದು ಮಾರುವ ಹೊತ್ತಿಗೆ ಗುರುತು ಕಾಣುವುದು, ಮನೆಯ ಕಪಾಟಿನಲ್ಲಿ ಅಲ್ಲ. ಉಲ್ಲಂಘಿಸಿದ ಮಾರಾಟಗಾರರಿಗೆ 50,000 ಯೂರೊವರೆಗೆ ದಂಡ ಬೀಳಬಹುದು.

ಇಲ್ಲಿ ಹೊರಗಿನವರು ಸಾಮಾನ್ಯವಾಗಿ ತಪ್ಪು ತಿಳಿಯುವ ಒಂದು ವಿಷಯವಿದೆ. ಜರ್ಮನಿಯಲ್ಲಿ ಕೆಂಪು 18 ಅಂತಿಮ ಮೆಟ್ಟಿಲಲ್ಲ. ಗುರುತೇ ಸಿಗದ ಗೇಮನ್ನು ಫೆಡರಲ್ ಸಂಸ್ಥೆಯೊಂದು ಹಾನಿಕರ ಕೃತಿಗಳ ಪಟ್ಟಿಗೆ ಸೇರಿಸಬಹುದು. ಪಟ್ಟಿಗೆ ಸೇರಿದ್ದು ನಿಷೇಧವೇನಲ್ಲ, ವಯಸ್ಕರು ಕೇಳಿ ಕೊಳ್ಳಬಹುದು. ಆದರೆ ಜಾಹೀರಾತು ಹಾಕುವಂತಿಲ್ಲ, ಮಕ್ಕಳ ಕಣ್ಣಿಗೆ ಬೀಳುವಂತೆ ಇಡುವಂತಿಲ್ಲ. ಕಾಣದ್ದನ್ನು ಕೇಳುವವರು ಯಾರು? ವ್ಯಾಪಾರ ಅಲ್ಲಿಗೇ ಸಾಯುತ್ತದೆ. 'ಡೂಮ್' 1994ರಲ್ಲಿ ಈ ಪಟ್ಟಿ ಸೇರಿ 2011ರಲ್ಲಷ್ಟೇ ಹೊರಬಂತು. 2003ರ ಕಾನೂನಿನ ಪ್ರಕಾರ ಯುಎಸ್‌ಕೆ ಗುರುತು ಪಡೆದ ಗೇಮನ್ನು ಪಟ್ಟಿಗೆ ಸೇರಿಸುವಂತಿಲ್ಲ. ಅಲ್ಲಿಂದ ಗುರುತು ಎಂಬುದು ನಿರ್ಬಂಧವೂ ಹೌದು, ರಕ್ಷಾಕವಚವೂ ಹೌದು. ಅದಕ್ಕಾಗಿ ತಯಾರಕರೇ ಕತ್ತರಿ ಹಿಡಿಯುತ್ತಾರೆ. ಈ ಅಭ್ಯಾಸ ಅದಕ್ಕೂ ಹಳೆಯದು: 1998ರ 'ಹಾಫ್-ಲೈಫ್'ನ ಜರ್ಮನ್ ಆವೃತ್ತಿಯಲ್ಲಿ ಮನುಷ್ಯ ಸೈನಿಕರ ಬದಲು ರೋಬಾಟ್‌ಗಳಿದ್ದವು. ಕತ್ತರಿ ಬೀಳದ ಪ್ರತಿ ಬೇಕಾದ ವಯಸ್ಕರು ಪಕ್ಕದ ಆಸ್ಟ್ರಿಯಾದಿಂದ ತರಿಸಿಕೊಳ್ಳುತ್ತಿದ್ದರು. ನಾಜಿ ಚಿಹ್ನೆಗಳ ವಿಷಯದಲ್ಲಿ ಸಿನಿಮಾಕ್ಕಿದ್ದ ಕಲೆಯ ವಿನಾಯಿತಿಯನ್ನು ಗೇಮ್‌ಗೂ ಪರಿಗಣಿಸಲು ಯುಎಸ್‌ಕೆ ಒಪ್ಪಿದ್ದು 2018ರ ಆಗಸ್ಟ್‌ನಲ್ಲಿ.

ಬ್ರಿಟನ್‌ನಲ್ಲಿ ಸಿನಿಮಾ ಡಿಸ್ಕಿಗೂ ಗೇಮ್‌ಗೂ ಒಂದೇ ಬೇರು: 1984ರ ವಿಡಿಯೊ ರೆಕಾರ್ಡಿಂಗ್ಸ್ ಕಾಯ್ದೆ. ಇದರದೊಂದು ಪ್ರಸಂಗ ಹೇಳಲೇಬೇಕು. ಈ ಕಾಯ್ದೆಯನ್ನು ಯುರೋಪಿಯನ್ ಕಮಿಷನ್‌ಗೆ ತಿಳಿಸಬೇಕಿತ್ತು, ತಿಳಿಸಿಯೇ ಇರಲಿಲ್ಲ ಎಂಬುದು 2009ರಲ್ಲಿ ಪತ್ತೆಯಾಯಿತು. ಇಪ್ಪತ್ತೈದು ವರ್ಷ ಜನರನ್ನು ಕೋರ್ಟಿಗೆ ಎಳೆದ ಕಾನೂನು ಜಾರಿಗೆ ಅರ್ಹವೇ ಆಗಿರಲಿಲ್ಲ! 2010ರಲ್ಲಿ ಅದನ್ನೇ ಮತ್ತೆ ಅಂಗೀಕರಿಸಿದರು. 2012ರ ಜುಲೈ 30ರಿಂದ ಗೇಮ್‌ಗಳ ಹೊಣೆ ಸಿನಿಮಾ ಮಂಡಳಿಯಿಂದ ಪೆಗಿ ರೇಟಿಂಗ್‌ಗೆ ಹೋಯಿತು. ಪೆಗಿ 2003ರಲ್ಲಿ ಶುರುವಾದ ಯುರೋಪಿನ ವ್ಯವಸ್ಥೆ, ಮೆಟ್ಟಿಲುಗಳು 3, 7, 12, 16, 18. ಬ್ರಿಟನ್ನಿನಲ್ಲಿ 12, 16, 18ಕ್ಕೆ ಕಾನೂನಿನ ಬಲವಿದೆ, 3 ಮತ್ತು 7 ಬರೀ ಸಲಹೆ. ಅದೂ ಡಿಸ್ಕ್, ಡಬ್ಬಿಗಳ ಮಾರಾಟಕ್ಕೆ ಮಾತ್ರ. ಡೌನ್‌ಲೋಡ್ ಈ ಕಾಯ್ದೆಯ ಕೈಗೆ ಸಿಗುವುದಿಲ್ಲ. ಪೆಗಿ ಗುರುತು ಎಲ್ಲೆಡೆ ಒಂದೇ ಥರ ಕಂಡರೂ ಅದರ ಹಿಂದೆ ದಂಡ ಇದೆಯೋ ಇಲ್ಲವೋ ಎಂಬುದನ್ನು ಆಯಾ ದೇಶದ ಕಾನೂನು ನಿರ್ಧರಿಸುತ್ತದೆ. ಬಿಗಿ ಕಾನೂನು ತಿರುಗುಬಾಣವಾಗುವುದು ಹೇಗೆಂದು ನೋಡಬೇಕಾದರೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಅಲ್ಲಿ ಸಿನಿಮಾಕ್ಕೆ ಆರ್18+ ಎಂಬ ವಯಸ್ಕರ ಗುರುತು ಇತ್ತು, ಗೇಮ್‌ಗೆ ಇರಲಿಲ್ಲ. ಗೇಮ್ ಎಂದರೆ ಮಕ್ಕಳದು, ಮಕ್ಕಳ ವಸ್ತುವಿಗೆ ವಯಸ್ಕರ ಗುರುತು ಯಾಕೆ ಎಂಬ ಭಾವನೆ. ಎಲ್ಲ ರಾಜ್ಯಗಳೂ ಒಪ್ಪದೆ ಬದಲಾವಣೆ ಸಾಧ್ಯವಿರಲಿಲ್ಲ, ದಕ್ಷಿಣ ಆಸ್ಟ್ರೇಲಿಯಾದ ಅಟಾರ್ನಿ ಜನರಲ್ ಮೈಕೆಲ್ ಅಟ್ಕಿನ್ಸನ್ ವರ್ಷಗಟ್ಟಲೆ ಒಪ್ಪಲಿಲ್ಲ. ಪರಿಣಾಮ ಎರಡು ಕಡೆಯಿಂದಲೂ ಕೆಟ್ಟದ್ದು. ಕೆಲವು ಗೇಮ್‌ಗಳು ವರ್ಗೀಕರಣ ಸಿಗದೆ ನಿಷೇಧಗೊಂಡವು. ಇನ್ನು ಕೆಲವು, ಬೇರೆ ದೇಶಗಳಲ್ಲಿ 18 ಪಡೆದವೇ, ಸ್ವಲ್ಪ ಕತ್ತರಿಸಿಯೋ ಕತ್ತರಿಸದೆಯೋ ಎಂಎ15+ಗೆ ತೂರಿಕೊಂಡವು. ಅಂದರೆ ವಯಸ್ಕರ ಗುರುತು ಇಲ್ಲದ್ದರಿಂದ ವಯಸ್ಕರ ಗೇಮ್ ಹದಿನೈದರ ಹುಡುಗನ ಕೈಗೆ ಕಾನೂನುಬದ್ಧವಾಗಿಯೇ ಹೋಯಿತು. ಸರ್ಕಾರ ಜನಾಭಿಪ್ರಾಯ ಕೇಳಿದಾಗ 58,000ಕ್ಕೂ ಹೆಚ್ಚು ಪತ್ರ ಬಂದವು, ಶೇ 98ರಷ್ಟು ಆರ್18+ ಪರ. ಅದು ಜಾರಿಗೆ ಬಂದದ್ದು 2013ರ ಜನವರಿ 1ರಂದು.

ಅದಾದಮೇಲೂ ಮಾದಕವಸ್ತುವಿನ ಭಯ ಹೋಗಿಲ್ಲ. ಮಾದಕವಸ್ತು ಸೇವಿಸಿದರೆ ಆಟದಲ್ಲಿ ಲಾಭವಾಗುತ್ತದೆ ಎಂದು ತೋರಿಸಿದರೆ ಅಲ್ಲಿ ಗೇಮ್ ಸಿಕ್ಕಿಬೀಳುತ್ತದೆ. 2008ರಲ್ಲಿ 'ಫಾಲೌಟ್ 3' ಇದೇ ಕಾರಣಕ್ಕೆ ತಿರಸ್ಕೃತವಾಗಿತ್ತು. ಅದರಲ್ಲಿದ್ದ ಮಾರ್ಫೀನ್‌ಗೆ 'ಮೆಡ್-ಎಕ್ಸ್' ಎಂದು ಹೆಸರು ಬದಲಿಸಿದರು, ಆಸ್ಟ್ರೇಲಿಯಾಕ್ಕೆ ಮಾತ್ರವಲ್ಲ, ಇಡೀ ಜಗತ್ತಿಗೆ. ತಲೆ ಸಿಡಿಯುವ ದೃಶ್ಯಗಳಿಗೆ ಯಾರೂ ತಕರಾರು ಮಾಡಲಿಲ್ಲ. ಅಲ್ಲಿನ ಗುರುತು ಓದುವಾಗ ಎಡವುವ ಜಾಗವೂ ಒಂದಿದೆ. 'ಎಂ' ಮತ್ತು 'ಎಂಎ15+' ಎರಡರಲ್ಲೂ ಹದಿನೈದರ ಮಾತೇ ಬರುತ್ತದೆ. ಆದರೆ 'ಎಂ' ಸಲಹೆ, ಹತ್ತರ ಮಗುವಿಗೆ ಮಾರಿದರೂ ಅಪರಾಧವಲ್ಲ. 'ಎಂಎ15+' ಕಾನೂನು, ಹದಿನೈದಾಗದವರು ಕೊಳ್ಳಲು ಜೊತೆಗೆ ಪೋಷಕರಿರಬೇಕು. 2024ರ ಸೆಪ್ಟೆಂಬರ್ 22ರಿಂದ ಹಣ ಕೊಟ್ಟು ತೆರೆಯುವ, ಒಳಗೇನಿದೆಯೆಂದು ಮೊದಲೇ ತಿಳಿಯದ ಅದೃಷ್ಟದ ಪೆಟ್ಟಿಗೆ, ಅಂದರೆ ಲೂಟ್ ಬಾಕ್ಸ್, ಇರುವ ಹೊಸ ಗೇಮ್‌ಗಳಿಗೆ ಕನಿಷ್ಠ 'ಎಂ', ಜೂಜಿನ ಅನುಕರಣೆ ಇರುವವಕ್ಕೆ ಆರ್18+ ಕಡ್ಡಾಯ. ಲೂಟ್ ಬಾಕ್ಸ್‌ಗೆ ಬಲವಿಲ್ಲದ ಮೆಟ್ಟಿಲು, ದುಡ್ಡು ಹೋಗದ ಕಾಸಿನೊ ಆಟಕ್ಕೆ ಬಲವಿರುವ ಮೆಟ್ಟಿಲು. ನಿಜವಾಗಿ ಜೇಬು ಖಾಲಿ ಮಾಡುವುದು ಯಾವುದು ಎಂದು ನೋಡಿದರೆ ಇದು ತಲೆಕೆಳಗು ಎಂದೇ ನನ್ನ ಎಣಿಕೆ.

ಕೊರಿಯಾದ ಕಾನೂನಿನ ಬುಡದಲ್ಲೂ ಜೂಜೇ ಇದೆ. 2006ರಲ್ಲಿ 'ಬಾದಾ ಇಯಾಗಿ' ಎಂಬ ಆರ್ಕೇಡ್ ಜೂಜಿನ ಹಗರಣ ದೇಶವನ್ನೇ ಅಲುಗಾಡಿಸಿತು. ಅದೇ ವರ್ಷ ಗೇಮ್‌ಗಳಿಗೇ ಪ್ರತ್ಯೇಕ ಕಾನೂನು, ಪ್ರತ್ಯೇಕ ರೇಟಿಂಗ್ ಮಂಡಳಿ ಬಂದವು. ರೇಟಿಂಗ್ ಮೊದಲು, ಬಿಡುಗಡೆ ಆಮೇಲೆ ಎಂಬುದು ನಿಯಮ. ಗೇಮ್ ಡಬ್ಬಿಯಲ್ಲಿ ಬರುತ್ತಿದ್ದ ಕಾಲಕ್ಕೆ ಇದು ನಡೆಯುತ್ತಿತ್ತು. ಮೊಬೈಲ್ ಬಂದಾಗ ದಿನಕ್ಕೆ ನೂರಾರು ಆ್ಯಪ್‌ಗಳನ್ನು ಮೊದಲೇ ನೋಡುವುದು ಹೇಗೆ? ಆಪಲ್, ಗೂಗಲ್ ಎರಡೂ ತಮ್ಮ ಕೊರಿಯಾ ಅಂಗಡಿಯಲ್ಲಿ ಗೇಮ್ ವಿಭಾಗವನ್ನೇ ಮುಚ್ಚಿಟ್ಟಿದ್ದವು, ನಿಯಮ ಸಡಿಲಿಸಿದಮೇಲೆ 2011ರ ಕೊನೆಗೆ ತೆರೆದವು. ಅದೇ 2011ರ ನವೆಂಬರ್‌ನಲ್ಲಿ ಇನ್ನೊಂದು ಕಾನೂನು ಬಂತು: 16ರೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ.

ಈ ನಿಯಮ ಬಿದ್ದದ್ದು ಹೇಗೆಂಬುದು ಗಮನಿಸುವಂಥದ್ದು. ಮಕ್ಕಳಿಗೆ ಮಾತ್ರ ರಾತ್ರಿ ಬಾಗಿಲು ಮುಚ್ಚುವ ಏರ್ಪಾಡು ಮಾಡುವ ಬದಲು ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಲೈವ್ ಎಂಬ ಆನ್‌ಲೈನ್ ಗೇಮ್ ಸೇವೆಯನ್ನು ಕೊರಿಯಾದಲ್ಲಿ ವಯಸ್ಕರಿಗಷ್ಟೇ ಸೀಮಿತ ಮಾಡಿಕೊಂಡಿತ್ತು. 2021ರಲ್ಲಿ 'ಮೈನ್‌ಕ್ರಾಫ್ಟ್' ಅಕೌಂಟ್‌ಗಳನ್ನು ಮೈಕ್ರೋಸಾಫ್ಟ್ ಅಕೌಂಟ್‌ಗೆ ಬದಲಿಸುವಾಗ ಈ ಮಿತಿ ಅದಕ್ಕೂ ಅಂಟಿಕೊಂಡಿತು. ಇಟ್ಟಿಗೆ ಜೋಡಿಸಿ ಮನೆ ಕಟ್ಟುವ ಮಕ್ಕಳ ಗೇಮ್, ಅದರಲ್ಲೂ ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿ, ಒಂದೇ ಏಟಿಗೆ 19 ತುಂಬಿದವರದ್ದಾಯಿತು. ವರ್ಷಗಟ್ಟಲೆ ವಾದಗಳಿಗೆ ಅಲುಗದ ಕಾನೂನು ಆ ಗದ್ದಲಕ್ಕೆ ಅಲುಗಿತು. 2022ರ ಜನವರಿ 1ರಿಂದ ರದ್ದಾಯಿತು. ವಿವಾದ ಅಲ್ಲಿಗೆ ಮುಗಿಯಲಿಲ್ಲ. ಹಿಂಸೆ, ಅಶ್ಲೀಲತೆ ಅತಿಯಾದ ಗೇಮ್‌ಗಳನ್ನು ವಯಸ್ಕರಿಗೂ ತಡೆಯುವ ಕಲಮಿನ ವಿರುದ್ಧ 2024ರಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸೇರಿ ಸಾಂವಿಧಾನಿಕ ನ್ಯಾಯಾಲಯಕ್ಕೆ ದೂರು ಕೊಟ್ಟರು.

ಚೀನಾ ಇದನ್ನೆಲ್ಲ ಪಕ್ಕಕ್ಕಿಟ್ಟು ಗಡಿಯಾರವನ್ನೇ ಹಿಡಿದುಕೊಂಡಿತು. 2021ರ ಸೆಪ್ಟೆಂಬರ್ 1ರಿಂದ 18ರೊಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳಂದು ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಗೇಮ್ ಆಡಬಹುದು. ಹೊಣೆ ಕಂಪನಿಯದು. ನಿಜ ಹೆಸರು, ಗುರುತಿನ ಸಂಖ್ಯೆಯಿಲ್ಲದೆ ಅಕೌಂಟ್ ಇಲ್ಲ. ಅಲ್ಲಿನ 8+, 12+, 16+ ಗುರುತುಗಳು ಇದರ ಮುಂದೆ ನಾಮಮಾತ್ರ. ಸೋರಿಕೆಯ ಜಾಗವೂ ಅದೇ ಅಕೌಂಟ್: ದೊಡ್ಡವರ ಅಕೌಂಟ್ ಬಾಡಿಗೆಗೆ ಕೊಡುವ ದಂಧೆ ಹುಟ್ಟಿತು, ಅದನ್ನು ಹಿಡಿಯಲು ಅಲ್ಲಿನ ದೊಡ್ಡ ಗೇಮ್ ಕಂಪನಿ ಟೆನ್ಸೆಂಟ್ ಮುಖ ಗುರುತಿಸುವ ತಂತ್ರ ತಂದಿತು. ಜಪಾನಿನಲ್ಲಿ ಸೆರೊ ಎಂಬ ರೇಟಿಂಗ್ ಮಂಡಳಿ ಉದ್ಯಮದ್ದೇ. ಎ, ಬಿ, ಸಿ, ಡಿ, ಝಡ್ ಪೈಕಿ ಝಡ್ ಮಾತ್ರ 18ರೊಳಗಿನವರಿಗೆ ಮಾರಬಾರದ್ದು. ಬಲ ಪ್ರಯೋಗಿಸಬೇಕೆಂದರೆ ಪ್ರಾಂತಗಳ ಯುವಜನ ನಿಯಮಗಳಿವೆ. ಕನಗಾವಾ ಪ್ರಾಂತ 2005ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ 3' ಮಕ್ಕಳಿಗೆ ಹಾನಿಕರ ಎಂದು ಘೋಷಿಸಿತು. ಝಡ್ ಗುರುತು ಹುಟ್ಟಿದ್ದು ಮರುವರ್ಷ. ಕಗಾವಾ ಎಂಬ ಇನ್ನೊಂದು ಪ್ರಾಂತ 2020ರಲ್ಲಿ ಶಾಲೆಯ ದಿನ 60 ನಿಮಿಷ, ರಜೆಯಲ್ಲಿ 90 ನಿಮಿಷ ಎಂದು ನಿಯಮ ಮಾಡಿತು, ದಂಡ ಮಾತ್ರ ಇಡಲಿಲ್ಲ. ಮನೆಯವರೇ ನೋಡಿಕೊಳ್ಳಿ ಎಂಬುದನ್ನು ಕಾನೂನಿನ ಭಾಷೆಯಲ್ಲಿ ಬರೆದಂತಾಯಿತು.

ಈಗ ಡಬ್ಬಿ ಕಾಣದ ಕಾಲ. ಹಲವು ಆನ್‌ಲೈನ್ ಅಂಗಡಿಗಳಲ್ಲಿ ಗೇಮ್‌ಗಳಿಗೆ ಐಎಆರ್‌ಸಿ ಎಂಬ ಒಂದೇ ಪ್ರಶ್ನಾವಳಿ ಇದೆ. ಹಿಂಸೆ ಇದೆಯೇ, ಯಾರ ಮೇಲೆ, ರಕ್ತ ಕಾಣುತ್ತದೆಯೇ, ಬೈಗುಳ, ಬೆತ್ತಲೆ, ಮಾದಕವಸ್ತು, ಜೂಜು, ಚಾಟ್, ಖರೀದಿ ಇವೆಯೇ ಎಂದು ತಯಾರಕರೇ ತುಂಬುತ್ತಾರೆ. ಅದೇ ಉತ್ತರಗಳಿಂದ ಅಮೆರಿಕಕ್ಕೆ ಒಂದು, ಜರ್ಮನಿಗೆ ಒಂದು, ಬ್ರೆಜಿಲ್‌ಗೆ ಒಂದು ರೇಟಿಂಗ್ ತಾನೇ ಹೊರಬರುತ್ತದೆ. ಎಡವಟ್ಟಾಗುವುದು ಎರಡು ಕಡೆ: ಜೂಜಿನ ಪ್ರಶ್ನೆಗೆ ಅಜಾಗರೂಕವಾಗಿ ಹೌದು ಅಥವಾ ಇಲ್ಲ ಎಂದಾಗ, ಮತ್ತು ಅಪ್‌ಡೇಟ್‌ನಲ್ಲಿ ಹೊಸ ಅಂಶ ಸೇರಿಸಿ ಪ್ರಶ್ನಾವಳಿಯನ್ನು ಮತ್ತೆ ತುಂಬದೇ ಬಿಟ್ಟಾಗ. 'ಬಲಾಟ್ರೊ' ಗೇಮ್ ಒಳ್ಳೆಯ ಪಾಠ. ಅದರಲ್ಲಿ ಪಣವಿಲ್ಲ, ನಿಜವಾದ ಹಣವಿಲ್ಲ, ಪೋಕರ್ ಎಂಬ ಇಸ್ಪೀಟಾಟದ ಕೈಗಳಷ್ಟೇ ಇವೆ. ಆದರೂ ಪೆಗಿ ಅದಕ್ಕೆ 18 ಕೊಟ್ಟಿತ್ತು, 2025ರ ಫೆಬ್ರುವರಿಯಲ್ಲಿ ಮೇಲ್ಮನವಿಯಾದಮೇಲೆ 12ಕ್ಕೆ ಇಳಿಸಿತು. ಹಣ ಕೊಟ್ಟು ಆಟಗಾರರ ಪ್ಯಾಕ್ ತೆರೆಯುವ ಫುಟ್‌ಬಾಲ್ ಗೇಮ್‌ಗೆ ಅದೇ ಪೆಗಿಯಲ್ಲಿ 3 ಇತ್ತು.

ಮಕ್ಕಳಿರುವ ಮನೆಯವರು ಗುರುತು ನೋಡುವಾಗ ಮೊದಲು ಅದು ಯಾವ ಮಂಡಳಿಯದು ಎಂದು ನೋಡಿ, ಆಮೇಲೆ ಸಂಖ್ಯೆ. ಸಂಖ್ಯೆಗಿಂತ ಪಕ್ಕದ ಕಾರಣಗಳ ಸಾಲು ಹೆಚ್ಚು ಹೇಳುತ್ತದೆ. ಅಪರಿಚಿತರ ಜೊತೆ ಚಾಟ್, ಒಳಖರೀದಿಗಳನ್ನು ಇಎಸ್‌ಆರ್‌ಬಿ ಬೇರೆಯಾಗಿ ಸೂಚಿಸುತ್ತದೆ, ವಯಸ್ಸಿನ ಅಕ್ಷರದಲ್ಲಿ ಅವು ಸೇರಿರುವುದಿಲ್ಲ. ಯುಎಸ್‌ಕೆ 2023ರಿಂದ ಇವನ್ನೂ ತೂಗಿ ನೋಡುತ್ತದೆ. ಮಗುವಿಗೆ ಅಕೌಂಟ್ ತೆರೆಯುವಾಗ ದೇಶ ಮತ್ತು ಹುಟ್ಟಿದ ದಿನಾಂಕ ಸರಿಯಾಗಿ ಹಾಕಿ. ಪ್ಲೇಸ್ಟೇಷನ್‌ನಲ್ಲಿ ಅಕೌಂಟ್‌ನ ದೇಶವನ್ನು ಆಮೇಲೆ ಬದಲಿಸಲಾಗದು. ಎಷ್ಟೇ ಬೀಗ ಹಾಕಿದರೂ ಮಗು ಅಪ್ಪನ ಅಕೌಂಟ್‌ನಲ್ಲೇ ಆಡುತ್ತಿದ್ದರೆ ಯಂತ್ರಕ್ಕೆ ಕಾಣುವುದು ನಲವತ್ತರ ಗಂಡಸು. ಆದ್ದರಿಂದ ದೊಡ್ಡವರ ಅಕೌಂಟ್‌ಗೂ ಪಿನ್ ಇರಲಿ, ಖರೀದಿಗೆ ಬೇರೆ ಪಾಸ್‌ವರ್ಡ್ ಇರಲಿ.

ಜರ್ಮನಿ ಈಗ ತನ್ನ ಹಳೆಯ ಡಬ್ಬಿ ಕಾನೂನನ್ನು ಡೌನ್‌ಲೋಡ್‌ಗೂ ಚಾಚಿದೆ. 2024ರ ನವೆಂಬರ್ 15ರಿಂದ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ರೇಟಿಂಗ್ ಇಲ್ಲದ ಗೇಮ್ ಅಲ್ಲಿನ ಗ್ರಾಹಕರ ಕಣ್ಣಿಗೇ ಬೀಳುವುದಿಲ್ಲ, ಅವರಿಗೆ ಅರವತ್ತಾಗಿದ್ದರೂ ಅಷ್ಟೆ. ಯುಎಸ್‌ಕೆ ಗುರುತು ಇಲ್ಲದವರು ಸ್ಟೀಮ್‌ನದೇ ಪ್ರಶ್ನಾವಳಿ ತುಂಬಿದರೆ ಸಾಕು, ಆದರೆ ತಯಾರಕರು ಅಂಗಡಿ ಮುಚ್ಚಿಕೊಂಡು ಹೋದ ಹಳೆಯ ಗೇಮ್‌ಗಳಿಗೆ ಅದನ್ನು ತುಂಬುವವರೇ ಇಲ್ಲ. ಮೊದಲೇ ಕೊಂಡಿದ್ದವರು ಆಡಬಹುದು. ಸ್ಟೀಮ್‌ನಲ್ಲಿ ಗೇಮ್ ಇಟ್ಟಿರುವ ಸಣ್ಣ ತಯಾರಕರು ಆ ಪ್ರಶ್ನಾವಳಿ ಪೂರ್ತಿಯಾಗಿದೆಯೇ ಎಂದು ಒಮ್ಮೆ ತೆರೆದು ನೋಡಿಕೊಳ್ಳಿ. ಜರ್ಮನಿಯ ಮಾರಾಟ ಏಕಾಏಕಿ ಸೊನ್ನೆಯಾಗಿದ್ದರೆ ಮೊದಲು ಹುಡುಕಬೇಕಾದ ಕಾರಣ ಅದೇ.